'ಮುಂದೇನಾಗುತ್ತೆ?' ಅಂತ ಕೇಳಿ ಬಿಟ್ಟರೆ ಸಾಲದು

ಕಥೆ ಓದಿಸುವಾಗ ನಡುವೆ ನಿಲ್ಲಿಸಿ 'ಮುಂದೇನಾಗಬಹುದು?' ಅಂತ ನಾವೆಲ್ಲ ಕೇಳುತ್ತೇವೆ, ಅಲ್ವಾ? ಆರು, ಏಳು, ಎಂಟನೇ ತರಗತಿಯ ಮಕ್ಕಳು ಉತ್ತರವನ್ನೂ ಥಟ್ಟನೆ ಕೊಡುತ್ತಾರೆ. ದೆವ್ವ ಬರುತ್ತೆ. ಕೊನೆಗೆ ಎಲ್ಲ ಕನಸಾಗಿರುತ್ತೆ. ಇಂಥವು ಯಾವ ಕಥೆಗಾದರೂ ಹೊಂದುತ್ತವೆ, ಪುಸ್ತಕ ತೆರೆಯದೆಯೂ ಹೇಳಬಹುದು. ಅದಕ್ಕೇ ನಾನು ಎರಡನೇ ಪ್ರಶ್ನೆಯನ್ನು ಬಿಡುವುದೇ ಇಲ್ಲ: 'ಯಾವ ಸಾಲು ಓದಿ ನಿನಗೆ ಹಾಗನ್ನಿಸಿತು?'

ಒಂದು ಸಾಲು ನೋಡಿ. 'ಅವಳು ಪೆಟ್ಟಿಗೆಯ ಕೀಲಿಕೈಯನ್ನು ಕಾಲ್ಚೀಲದೊಳಗೆ ತುರುಕಿಕೊಂಡಳು. ಅಮ್ಮ ಕೇಳಿದಾಗ, ನಾನು ನೋಡಿಲ್ಲ ಎಂದಳು.' ಇಲ್ಲಿ 'ಪೆಟ್ಟಿಗೆಯಲ್ಲಿ ನಿಧಿ ಇರುತ್ತೆ' ಅನ್ನುವ ಮಗುವಿಗೆ ತೋರಿಸಲು ಸಾಲೇ ಸಿಗುವುದಿಲ್ಲ. 'ಯಾರೂ ಇಲ್ಲದಾಗ ಅವಳೊಬ್ಬಳೇ ಹೋಗಿ ಪೆಟ್ಟಿಗೆ ತೆಗೀತಾಳೆ, ಯಾಕಂದ್ರೆ ಕೀಲಿಕೈ ಬಚ್ಚಿಟ್ಟು ಸುಳ್ಳು ಹೇಳಿದ್ದಾಳೆ' ಅನ್ನುವ ಮಗು ಸಾಲಿನ ಮೇಲೆ ಬೆರಳಿಟ್ಟು ತೋರಿಸುತ್ತದೆ. ಅವಳು ಹೋಗದೇ ಇರಬಹುದು. ಪರವಾಗಿಲ್ಲ, ಆ ಮಗು ಪಾತ್ರದ ಮನಸ್ಸನ್ನು ಓದಿದೆ, ನನಗೆ ಬೇಕಾದದ್ದು ಅದೇ.

ಇದೇನೂ ಹೊಸದಲ್ಲ. ಓದು ಕಲಿಸುವ ಬಗ್ಗೆ ಕೆಲಸ ಮಾಡಿದ ರಸೆಲ್ ಸ್ಟಾಫರ್ 1969ರಲ್ಲೇ ಬರೆದ ವಿಧಾನದಲ್ಲಿ ಊಹಿಸು, ಓದು, ಓದಿದ್ದರಲ್ಲೇ ಆಧಾರ ತೋರಿಸು ಅನ್ನುವ ಮೂರೂ ಜೊತೆಗೇ ಬರುತ್ತವೆ. ತರಗತಿಯಲ್ಲಿ ಮೊದಲನೆಯದು ಉಳಿದು ಮೂರನೆಯದು ಕೈಬಿಟ್ಟುಹೋಗುತ್ತದೆ.

ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಮಾತ್ರ ಮೊದಲೇ ಗುರುತು ಹಾಕಿಕೊಳ್ಳಿ. ಪಾತ್ರವೊಂದು ಏನೋ ನಿರ್ಧಾರ ಮಾಡಬೇಕಾದ ಜಾಗ, ಯಾರೋ ಏನನ್ನೋ ಮುಚ್ಚಿಟ್ಟ ಜಾಗ, ಇಂಥವು ಒಳ್ಳೆಯವು. ಒಂದು ಕಥೆಗೆ ಎರಡೋ ಮೂರೋ ಸಾಕು. ಪುಟಪುಟಕ್ಕೂ ನಿಲ್ಲಿಸಿದರೆ ಕಥೆಯ ರುಚಿಯೇ ಹೋಗುತ್ತದೆ, ಅಷ್ಟು ಹೊತ್ತು ಮೈಮರೆತು ಕೇಳುತ್ತಿದ್ದ ಮಗು ಕಿಟಕಿಯಾಚೆ ನೋಡತೊಡಗುತ್ತದೆ.

ಊಹೆಯನ್ನು ಬರೆಸಿ, ಆದರೆ ಅಳಿಸಲು ಬಿಡಬೇಡಿ. ಮುಂದೆ ಓದಿದ ಮೇಲೆ ಅದರ ಕೆಳಗೇ 'ಈಗ ಹೀಗನ್ನಿಸುತ್ತೆ, ಯಾಕಂದ್ರೆ...' ಅಂತ ಬರೆಯಲಿ. ಈ ವಯಸ್ಸಿನ ಮಕ್ಕಳಿಗೆ ಗೆಳೆಯರೆದುರು ತಪ್ಪಾಗುವ ಭಯ ಜಾಸ್ತಿ. ಹಾಗಾಗಿ ಊಹೆ ನಿಜವಾಯಿತಾ ಅಂತ ನೋಡಿ ಅಂಕ ಕೊಡಲೇಬೇಡಿ. 'ಸರಿ', 'ತಪ್ಪು' ಅಂತಲೂ ಅನ್ನಬೇಡಿ, 'ಇನ್ನೂ ಹಾಗೇ ಅನ್ನಿಸುತ್ತಾ?' ಅಂತ ಕೇಳಿ.

ಕಥೆಯನ್ನು ಮೊದಲೇ ಓದಿ ಮುಗಿಸಿದ ಒಬ್ಬರೋ ಇಬ್ಬರೋ ಇದ್ದೇ ಇರುತ್ತಾರೆ. ಅವರನ್ನು ಬಾಯಿ ಮುಚ್ಚಿಸಿ ಕೂರಿಸುವುದು ಬೇಡ. ಕೊನೆ ಗೊತ್ತಿರುವ ಅವರಿಗೆ, ಲೇಖಕರು ಅದರ ಸುಳಿವನ್ನು ಮೊದಲು ಎಲ್ಲಿ ಬಿಟ್ಟಿದ್ದಾರೆ ಅಂತ ಹುಡುಕಿ ಗುರುತು ಹಾಕುವ ಕೆಲಸ ಕೊಡಿ.