ಪರ್ಮನೆಂಟ್ ರಿಪೇರಿ ಅಂತ ಒಂದಿಲ್ಲ ಸ್ವಾಮಿ

ಹಳೇ ಕಟ್ಟಡಗಳ ರಿಪೇರಿ ನನ್ನ ಕಸುಬು. ಯಾರೇ ಕರೆಸಿದ್ರೂ ಮೊದಲ ಮಾತು ಇದೇ: 'ಸಾರ್, ಸಿಮೆಂಟ್ ಹಾಕಿ ಪರ್ಮನೆಂಟಾಗಿ ಗಟ್ಟಿ ಮಾಡ್ಬಿಡಿ, ಇನ್ನು ನೂರು ವರ್ಷ ಯಾರೂ ಮುಟ್ಟೋ ಹಾಗಿರಬಾರ್ದು.' ಬೇಡ ಅಂದ್ರೆ ಸಾಕು, ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾ, ಅಥೆನ್ಸ್‌ನ ಹಳೇ ಗ್ರೀಕ್ ದೇವಸ್ಥಾನ ಪಾರ್ಥೆನಾನ್ ಎಲ್ಲಾ ಎಳೆದು ತರ್ತಾರೆ, 'ಅವೆಲ್ಲ ಹಂಗೇ ನಿಂತಿಲ್ವಾ?'

ಹಂಗೇ ನಿಂತಿಲ್ಲ ರೀ! ಹಾಗಿಯಾ ಸೋಫಿಯಾ ಮುಗಿದಿದ್ದು 537ರಲ್ಲಿ, 558ಕ್ಕೇ ಗುಮ್ಮಟ ಬಿತ್ತು, 562ರ ಹೊತ್ತಿಗೆ ಇನ್ನೂ ಎತ್ತರಕ್ಕೆ ಕಟ್ಟಿದ್ರು, 989ರ ಭೂಕಂಪಕ್ಕೆ ಒಂದು ಭಾಗ ಹೋಯ್ತು, 1346ರಲ್ಲಿ ಇನ್ನೊಂದು ಭಾಗ, ಆಮೇಲೆ ಒಟ್ಟೋಮನ್ ತುರ್ಕರ ಕಾಲದಲ್ಲಿ ಸಿನಾನ್ ಅನ್ನೋ ವಾಸ್ತುಶಿಲ್ಪಿ ಹೊರಗಿಂದ ಆನಿಕೆ ಕೊಟ್ಟ. ಐಫೆಲ್ ಟವರ್‌ಗೆ ಸುಮಾರು ಏಳು ವರ್ಷಕ್ಕೊಮ್ಮೆ 60 ಟನ್ ಪೇಂಟ್ ಬೇಕು. ಮಾಲಿಯ ಜೆನ್ನೆ ಮಸೀದಿ ಮಣ್ಣಿಂದು, ಊರೋರೆಲ್ಲ ಸೇರಿ ವರ್ಷಾವರ್ಷ ಮೆತ್ತುತಾರೆ, ಹಬ್ಬದ ಥರ.

ಪಾರ್ಥೆನಾನ್ ಕಥೆ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ಯಾಕಂದ್ರೆ ಎಲ್ಲರೂ ಎಡವೋದು ಇಲ್ಲೇ. ಗ್ರೀಕರು ಅಮೃತಶಿಲೆ ಕಲ್ಲುಗಳನ್ನ ಕಬ್ಬಿಣದ ಪಟ್ಟಿಗಳಿಂದ ಬಿಗಿದು, ಸುತ್ತಲೂ ಸೀಸ ಕರಗಿಸಿ ಹೊಯ್ದಿದ್ರು. ಸೀಸ ಮೆತ್ತಗಿರುತ್ತೆ, ನೀರು ಒಳಗೆ ಬಿಡಲ್ಲ. 1687ರಲ್ಲಿ ವೆನಿಸಿನವರ ಗುಂಡು ಬಿದ್ದು, ಒಳಗಿಟ್ಟಿದ್ದ ಮದ್ದು ಸಿಡಿದು ಅರ್ಧ ಕಟ್ಟಡ ಹಾರಿಹೋಯ್ತು, ಸರಿ. ಇಪ್ಪತ್ತನೇ ಶತಮಾನದ ಶುರುವಲ್ಲಿ ಬಲಾನೋಸ್ ಅನ್ನೋ ಇಂಜಿನಿಯರ್ ಬಿದ್ದ ಕಲ್ಲುಗಳನ್ನ ಎತ್ತಿ ನಿಲ್ಲಿಸಿದ, ಗಟ್ಟಿಯಾಗಿರ್ಲಿ ಅಂತ ಕಬ್ಬಿಣ ಹಾಕಿದ, ಆದ್ರೆ ಸೀಸದ ಹೊದಿಕೆ ಬಿಟ್ಟ. ಕಬ್ಬಿಣ ತುಕ್ಕು ಹಿಡಿದು ಊದಿಕೊಳ್ತು. ಊದೋಕೆ ಜಾಗ ಎಲ್ಲಿದೆ? ಕಲ್ಲು ಒಳಗಿಂದಲೇ ಸೀಳಿತು, ಎರಡು ಸಾವಿರ ವರ್ಷ ತಡಕೊಂಡ ಕಲ್ಲು! ಈಗಿನವರು ಅದನ್ನೆಲ್ಲ ಕಿತ್ತು ಟೈಟಾನಿಯಂ ಹಾಕ್ತಿದ್ದಾರೆ, ಅದರ ಲೆಕ್ಕ ಹೆಂಗೆ ಅಂದ್ರೆ, ಭೂಕಂಪ ಆದ್ರೆ ಮೊದಲು ಲೋಹ ಬಗ್ಗಬೇಕು, ಕಲ್ಲು ಉಳೀಬೇಕು. ರಿಪೇರಿ ಮಾಡಿದ್ದು ಮೂಲಕ್ಕಿಂತ ಮೆತ್ತಗಿರಬೇಕು, ಹಾಳಾದ್ರೆ ಅದೇ ಮೊದಲು ಹಾಳಾಗಬೇಕು. ಇದನ್ನ ಎಷ್ಟು ಸಲ ಹೇಳಿದ್ರೂ ಜನರ ತಲೆಗೆ ಹೋಗಲ್ಲ.

ನಿಮ್ಮ ಸುಣ್ಣದ ಗಾರೆ ಗೋಡೆಗೂ ಇದೇ ಮಾತು. ಗೋಡೆಯ ತೇವ ಗಾರೆ ಮೂಲಕ ಆರಿಹೋಗ್ತಿರುತ್ತೆ, ಮೇಲೆ ಸಿಮೆಂಟ್ ಬಳಿದ್ರೆ ನೀರು ಒಳಗೇ ನಿಲ್ಲುತ್ತೆ, ಉಪ್ಪು ಕಟ್ಟಿ ಇಟ್ಟಿಗೆ ಪುಡಿಪುಡಿ ಆಗುತ್ತೆ. ಮೊದಲೆರಡು ವರ್ಷ ಮಾತ್ರ ಫಳಫಳ ಅಂತಿರುತ್ತೆ, ಕಂಟ್ರಾಕ್ಟರ್‌ಗೂ ಅಷ್ಟೇ ಸಾಕು.

ಒಬ್ಬರು ಹಿರಿಯರಿದ್ರು, ಸಿಮೆಂಟ್ ಬೇಡ ಅಂದಿದ್ದಕ್ಕೆ ನನ್ನ ಮೇಲೆ ರೇಗಿದ್ರು, 'ನಿಮಗೆ ಪದೇ ಪದೇ ಕೆಲಸ ಸಿಗಲಿ ಅಂತ ಹಿಂಗೆ ಹೇಳ್ತೀರಿ' ಅಂತ. ಆದ್ರೆ ಯಾವ ತಿಂಗಳಲ್ಲಿ ಯಾವ ಮೂಲೆ ಸೋರ್ತು ಅಂತ ಒಂದು ನೋಟ್‌ಬುಕ್ಕಲ್ಲಿ ಬರೆದಿಟ್ಟಿದ್ರು ಪುಣ್ಯಾತ್ಮ! ಅದನ್ನ ನೋಡಿ ನನ್ನ ಸಿಟ್ಟೆಲ್ಲ ಇಳೀತು. ಅರ್ಧ ತೊಂದರೆ ಕಟ್ಟಿಕೊಂಡ ಸೂರಿನ ಕಾಲುವೆದು, ಅದನ್ನ ಕ್ಲೀನ್ ಮಾಡಿಸಿದ್ವಿ. ನಿಮ್ಮದು ಏನು ಅಂತ ನೋಡದೆ ಹೇಳಕ್ಕಾಗಲ್ಲ, ಕಟ್ಟಡ ಕಟ್ಟಡಕ್ಕೂ ಕಾಯಿಲೆ ಬೇರೆ. ಅಲ್ಲಿವರೆಗೂ ದಯವಿಟ್ಟು ಆ ಸಿಮೆಂಟ್ ಮೂಟೆ ಬಿಚ್ಚಬೇಡಿ.