ಘಾಟಿ ಇಳಿಯುವ ಟಿಟಿ: ಬ್ರೇಕ್ ಪೆಡಲ್ ಕೊಡುವ ಮೂರು ಸುಳಿವು

ಧರ್ಮಸ್ಥಳ, ಸುಬ್ರಹ್ಮಣ್ಯದ ಯಾತ್ರೆಗೆ ಹೊರಟವರು ಮೊದಲು ಕೇಳುವುದೇ ಟಿಟಿಯನ್ನು, ಅಂದರೆ ಫೋರ್ಸ್ ಟ್ರಾವೆಲರ್. ಮರ್ಸಿಡಿಸ್‌ನ ಟಿ1 ವ್ಯಾನ್ ಇದರ ಮೂಲ. ಬಿಎಸ್6 ಗಾಡಿಯ 2.6 ಲೀಟರ್ ಕಾಮನ್ ರೇಲ್ (ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಚಿಮ್ಮಿಸುವ) ಡೀಸೆಲ್ ಎಂಜಿನ್ನಿಗೆ 115 ಎಚ್‌ಪಿ ಶಕ್ತಿ, 350 ಎನ್‌ಎಂ ಟಾರ್ಕ್, ಅಂದರೆ ತಿರುಗಿಸುವ ಬಲ, ಇದೆ. ಟಾರ್ಕ್ ಪೂರ್ತಿ ಸಿಗುವುದು 1,400ರಿಂದ 2,200 ಆರ್‌ಪಿಎಂ ಒಳಗೆ. ಏರಿನಲ್ಲಿ ಎಂಜಿನ್ ಸುತ್ತು ತೋರಿಸುವ ಮೀಟರಿನ ಮುಳ್ಳು ಅಲ್ಲೇ ಇದ್ದರೆ ಸಾಕು, ಎಂಜಿನ್ ಕಿರುಚುವಷ್ಟು ಆಕ್ಸಿಲರೇಟರ್ ಒತ್ತಬೇಕಿಲ್ಲ. ಕಷ್ಟವಿರುವುದು ಇಳಿಯುವಾಗ.

ಜನ, ಲಗೇಜು ಸೇರಿ ಗಾಡಿ 4 ಟನ್ ಎಂದಿಟ್ಟುಕೊಳ್ಳಿ. 500 ಮೀಟರ್ ಕೆಳಗಿಳಿದರೆ ಸುಮಾರು 60 ಲೀಟರ್ ತಣ್ಣೀರನ್ನು ಕುದಿಸುವಷ್ಟು ಶಕ್ತಿ ಬಿಡುಗಡೆಯಾಗುತ್ತದೆ. ಗಾಳಿ, ಟೈರು ಒಂದಿಷ್ಟು ತಿನ್ನುತ್ತವೆ. ಉಳಿದದ್ದನ್ನು ಎಂಜಿನ್ ತಡೆಯಬೇಕು, ಇಲ್ಲವೇ ಬ್ರೇಕ್ ಸುಡಬೇಕು. ಡೀಸೆಲ್ ಎಂಜಿನ್ ಮೇಲಿನ ಗೇರಿನಲ್ಲಿ ಗಾಡಿಯನ್ನು ಅಷ್ಟಾಗಿ ಹಿಡಿಯುವುದಿಲ್ಲ. ಆದ್ದರಿಂದ ಆಗುಂಬೆಯ 14 ಹೇರ್‌ಪಿನ್ ತಿರುವುಗಳಿಗೆ ಎರಡನೇ ಗೇರೇ ಸರಿ. ಅದನ್ನು ಇಳಿಜಾರು ಶುರುವಾಗುವ ಮುಂಚೆಯೇ ಹಾಕಿ. ವೇಗ ಏರಿದ ಮೇಲೆ ಗೇರ್ ಇಳಿಸಲು ಹೋಗಿ ನ್ಯೂಟ್ರಲ್‌ನಲ್ಲಿ ಸಿಕ್ಕಿಕೊಂಡವರೇ ಹೆಚ್ಚು. ಬ್ರೇಕನ್ನು ತಿರುವಿನ ಮುಂಚೆ ಗಟ್ಟಿಯಾಗಿ ಒತ್ತಿ, ವೇಗ ತಗ್ಗಿದೊಡನೆ ಬಿಡಿ. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಡಿಸ್ಕ್ ಆರಲು ಪುರುಸೊತ್ತೇ ಸಿಗುವುದಿಲ್ಲ.

ತೊಂದರೆ ಎಲ್ಲಿದೆ ಎಂಬುದು ಕಾಲಿಗೇ ಗೊತ್ತಾಗುತ್ತದೆ. ಪೆಡಲ್ ಎಂದಿನಂತೆ ಗಟ್ಟಿಯಾಗಿದ್ದೂ ಗಾಡಿ ನಿಲ್ಲುತ್ತಿಲ್ಲ, ಸುಟ್ಟ ವಾಸನೆ ಬರುತ್ತಿದೆ ಎಂದರೆ ಪ್ಯಾಡು ಕಾದು ಹಿಡಿತ ಬಿಟ್ಟಿದೆ. ಪೆಡಲ್ ಮೆತ್ತಗಾಗಿ ಒಳಗಿಳಿದರೆ ಬ್ರೇಕ್ ಆಯಿಲ್ ಕುದ್ದು ಆವಿಯ ಗುಳ್ಳೆ ಎದ್ದಿದೆ. ಇದು ಹೆಚ್ಚು ಅಪಾಯ. ಡಾಟ್ 3 ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯದೆ ಕನಿಷ್ಠ 205 ಡಿಗ್ರಿವರೆಗೆ ತಡೆಯಬೇಕು, ನೀರು ಹೀರಿದ ಹಳೆಯದಕ್ಕೆ ಆ ಮಿತಿ 140 ಮಾತ್ರ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಓಡುವ ಗಾಡಿಗೆ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಲೇಬೇಕು. ಮೇಲಿಂದ ತುಂಬಿಸಿದರೆ ಸಾಲದು, ನಾಲ್ಕೂ ಚಕ್ರದಲ್ಲಿ ಬ್ಲೀಡ್ ಮಾಡಿಸಿ, ಅಂದರೆ ಹಳೆಯ ಆಯಿಲ್, ಗಾಳಿ ಹೊರಗೆ ತೆಗೆಸಿ.

ಮೂರನೆಯದು, ಪೆಡಲ್ ಕಲ್ಲಿನಂತಾಗುವುದು. ಕಾಲಿನ ಒತ್ತಡವನ್ನು ಹೆಚ್ಚಿಸಿಕೊಡುವ ಬೂಸ್ಟರಿಗೆ ವ್ಯಾಕ್ಯೂಮ್ (ನಿರ್ವಾತ) ಕೊಡುವ ಪಂಪು ಎಂಜಿನ್ ತಿರುಗಿದರೆ ಮಾತ್ರ ಕೆಲಸ ಮಾಡುತ್ತದೆ. ಡೀಸೆಲ್ ಉಳಿಸಲು ಎಂಜಿನ್ ಆಫ್ ಮಾಡಿ ಇಳಿದರೆ ಎರಡು ಮೂರು ಒತ್ತಿಗೆ ವ್ಯಾಕ್ಯೂಮ್ ಖಾಲಿ, ಪವರ್ ಸ್ಟೀರಿಂಗೂ ಭಾರ. ಉಳಿಯುವ ಎಣ್ಣೆಯೂ ಏನಿಲ್ಲ: ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಕಾಮನ್ ರೇಲ್ ಎಂಜಿನ್ ತಾನೇ ಡೀಸೆಲ್ ಕಡಿತ ಮಾಡುತ್ತದೆ. ಪರೀಕ್ಷೆ ಸುಲಭ. ನಿಂತ ಗಾಡಿಯಲ್ಲಿ ಎಂಜಿನ್ ಆಫ್ ಇದ್ದಾಗ ಪೆಡಲ್ ನಾಲ್ಕೈದು ಸಲ ಒತ್ತಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರ್ ಸರಿಯಿದೆ. ಇಳಿಯದಿದ್ದರೆ ಹೋಸು, ಪಂಪು ನೋಡಿಸದೆ ಘಾಟಿಗೆ ಹೊರಡಬೇಡಿ.

ಕ್ಯಾರಿಯರ್ ಮೇಲೆ ಭಾರ ಹೇರಿದಷ್ಟೂ ತಿರುವಿನಲ್ಲಿ ಗಾಡಿ ವಾಲುತ್ತದೆ. ಅಕ್ಕಿ ಮೂಟೆ, ಗ್ಯಾಸ್ ಒಲೆಯಂಥವು ಒಳಗೇ ಇರಲಿ. ಹಿಂದಿನ ಚಕ್ರದಾಚೆ ಬಾಡಿ ಉದ್ದ ಚಾಚಿರುವುದರಿಂದ ಹೇರ್‌ಪಿನ್ನಿನಲ್ಲಿ ಬಾಲ ಹೊರಗೆ ಬೀಸುತ್ತದೆ, ಎದುರು ಬರುವ ಬೈಕಿನವರ ಕಡೆ ಕಣ್ಣಿರಲಿ.

ಚಕ್ರ ಹೊಗೆಯಾಡಿದರೆ ಸಮತಟ್ಟು ಜಾಗ ನೋಡಿ ನಿಲ್ಲಿಸಿ, ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ, ಅರ್ಧ ಗಂಟೆ ಬಿಡಿ. ನೀರು ಮಾತ್ರ ಸುರಿಯಬೇಡಿ. ಕಾದ ಡಿಸ್ಕ್ ಸೊಟ್ಟಗಾಗುತ್ತದೆ, ಆಮೇಲೆ ಪ್ರತಿ ಬ್ರೇಕಿಗೂ ಸ್ಟೀರಿಂಗ್ ನಡುಗುತ್ತದೆ.