ವೈರ್‌ಲೆಸ್ ಇತ್ತು, ಕೇಳುವವರು ಮಲಗಿದ್ದರು

1909ರಲ್ಲಿ ಎರಡು ಹಡಗುಗಳಿಗೆ ಗಂಡಾಂತರ ಬಂತು.

ಮೊದಲನೆಯದು ‘ರಿಪಬ್ಲಿಕ್’. ಜನವರಿ 23ರ ಬೆಳಗಿನ ಜಾವ ಅಮೆರಿಕದ ನಾಂಟಕೆಟ್ ದ್ವೀಪದ ಬಳಿ, ದಟ್ಟ ಮಂಜಿನಲ್ಲಿ, ‘ಫ್ಲೋರಿಡಾ’ ಎಂಬ ಹಡಗು ಬಂದು ಅದಕ್ಕೆ ಗುದ್ದಿತು. ವೈರ್‌ಲೆಸ್ (ತಂತಿಯಿಲ್ಲದೆ ಸಂದೇಶ ಕಳಿಸುವ ರೇಡಿಯೊ) ಕೋಣೆಯ ಗೋಡೆ ಒಡೆಯಿತು, ಕರೆಂಟ್ ಹೋಯಿತು. ಆಪರೇಟರ್ ಜ್ಯಾಕ್ ಬಿನ್ಸ್ ಬ್ಯಾಟರಿ ಜೋಡಿಸಿಕೊಂಡು, ಕೊರೆಯುವ ಚಳಿಯಲ್ಲಿ ಗಂಟೆಗಟ್ಟಲೆ ಕೂತು ಸಂದೇಶ ಕಳಿಸಿದ. ‘ಬಾಲ್ಟಿಕ್’ ಎಂಬ ಹಡಗು ಹುಡುಕಿಕೊಂಡು ಬಂತು. ಎರಡೂ ಹಡಗಿನ ಸುಮಾರು 1500 ಜನ ಉಳಿದರು. ಸತ್ತವರು ಆರೇ ಮಂದಿ.

ಎರಡನೆಯದು ‘ವಾರಾಟಾ’. ಜುಲೈ 26ರಂದು 211 ಜನರೊಂದಿಗೆ ದಕ್ಷಿಣ ಆಫ್ರಿಕಾದ ಡರ್ಬನ್‌ನಿಂದ ಕೇಪ್‌ಟೌನ್‌ಗೆ ಹೊರಟಿತು. ಅದರಲ್ಲಿ ವೈರ್‌ಲೆಸ್ ಇರಲಿಲ್ಲ. ಮರುದಿನ ಇನ್ನೊಂದು ಹಡಗಿನವರು ಅದನ್ನು ಕಂಡಿದ್ದರು, ಅಷ್ಟೇ. ತಿಂಗಳುಗಟ್ಟಲೆ ಹುಡುಕಿದರೂ ಒಂದು ಹಲಗೆಯ ಗುರುತೂ ಸಿಗಲಿಲ್ಲ.

ಇವೆರಡನ್ನೂ ನೋಡಿದವರಿಗೆ ಏನನ್ನಿಸುತ್ತದೆ? ಯಂತ್ರ ಇದ್ದರೆ ಜೀವ ಉಳಿಯುತ್ತದೆ ಅಂತ, ಅಲ್ವಾ? ಅಮೆರಿಕಕ್ಕೂ ಹಾಗೇ ಅನ್ನಿಸಿತು. 50 ಅಥವಾ ಅದಕ್ಕಿಂತ ಜಾಸ್ತಿ ಜನರನ್ನು ದೂರಕ್ಕೆ ಒಯ್ಯುವ ಹಡಗಿಗೆ ವೈರ್‌ಲೆಸ್ ಕಡ್ಡಾಯ ಎಂದು 1910ರಲ್ಲಿ ಕಾನೂನು ಮಾಡಿತು. ಅದನ್ನು ಹಗಲೂ ರಾತ್ರಿ ಯಾರು ಕೇಳುತ್ತಾ ಕೂರಬೇಕು ಎಂಬುದನ್ನು ಮಾತ್ರ ಆ ಕಾನೂನು ಹೇಳಲಿಲ್ಲ.

ಇದಕ್ಕೆ ಕಾರಣವೂ ಇದೆ. ಆಗ ಹಡಗಿನ ವೈರ್‌ಲೆಸ್ ಮುಖ್ಯವಾಗಿ ದುಡ್ಡಿನ ವ್ಯವಹಾರ. ಎಷ್ಟೋ ಹಡಗುಗಳಲ್ಲಿ ಆಪರೇಟರ್ ವೈರ್‌ಲೆಸ್ ಯಂತ್ರ ಒದಗಿಸುತ್ತಿದ್ದ ಮಾರ್ಕೋನಿ ಕಂಪನಿಯ ನೌಕರ. ಶ್ರೀಮಂತ ಪ್ರಯಾಣಿಕರ ಖಾಸಗಿ ತಂತಿಗಳನ್ನು ಕಳಿಸುವುದು ಅವನ ದಿನದ ಕೆಲಸ. ದೊಡ್ಡ ಹಡಗಿಗೆ ಇಬ್ಬರು, ಸಣ್ಣದಕ್ಕೆ ಒಬ್ಬ. ಒಬ್ಬನೇ ಇದ್ದರೆ ಅವನು ಮಲಗಲೇಬೇಕಲ್ಲ.

1912ರ ಏಪ್ರಿಲ್ 14ರ ರಾತ್ರಿ ‘ಕ್ಯಾಲಿಫೋರ್ನಿಯನ್’ ಹಡಗಿನ ಒಬ್ಬನೇ ಆಪರೇಟರ್ ಸಿರಿಲ್ ಇವಾನ್ಸ್ ಮಾಡಿದ್ದೂ ಅದನ್ನೇ. ಸುತ್ತ ಮಂಜುಗಡ್ಡೆ ಇದೆ, ನಾವು ನಿಂತಿದ್ದೇವೆ ಎಂದು ಟೈಟಾನಿಕ್‌ಗೆ ತಿಳಿಸಲು ಹೋದ. ಅಲ್ಲಿನ ಜ್ಯಾಕ್ ಫಿಲಿಪ್ಸ್ ಪ್ರಯಾಣಿಕರ ಸಂದೇಶಗಳ ರಾಶಿಯಲ್ಲಿ ಮುಳುಗಿದ್ದ. ಸುಮ್ಮನಿರು ಎಂದು ಗದರಿಸಿದ. ಬೆಳಗಿನಿಂದ ದುಡಿದಿದ್ದ ಇವಾನ್ಸ್ ಯಂತ್ರ ಆರಿಸಿ ಮಲಗಿದ. ಸ್ವಲ್ಪ ಹೊತ್ತಿನಲ್ಲೇ, 11.40ಕ್ಕೆ, ಟೈಟಾನಿಕ್ ಮಂಜುಗಡ್ಡೆಗೆ ತಾಗಿತು. ಎರಡು ಹಡಗುಗಳ ನಡುವೆ ಎಷ್ಟು ಮೈಲಿ ಇತ್ತು ಎಂಬ ಜಗಳ ಇನ್ನೂ ಮುಗಿದಿಲ್ಲ. ಆದರೆ ಟೈಟಾನಿಕ್ ಕಡೆಯಿಂದ ಹಾರಿದ ಬೆಳಕಿನ ಬಾಣಗಳು ಕ್ಯಾಲಿಫೋರ್ನಿಯನ್‌ನವರಿಗೆ ಕಂಡಿದ್ದವು. ಇವಾನ್ಸ್‌ನನ್ನು ಎಬ್ಬಿಸಿದ್ದು ಬೆಳಗಿನ 5.30ರ ಹೊತ್ತಿಗೆ.

ಸುಮಾರು 58 ಮೈಲಿ ದೂರದಲ್ಲಿದ್ದ ‘ಕಾರ್ಪೇಥಿಯಾ’ ಹಡಗಿಗೆ ಟೈಟಾನಿಕ್‌ನ ಸಹಾಯದ ಕರೆ ಕೇಳಿಸಿದ್ದು ಅದೃಷ್ಟ. ಅದರ ಆಪರೇಟರ್ ಹೆರಾಲ್ಡ್ ಕಾಟಮ್ ಕೂಡ ಮಲಗಲು ಹೊರಟಿದ್ದ, ಹೆಡ್‌ಫೋನ್ ಇನ್ನೂ ತೆಗೆದಿರಲಿಲ್ಲ. 700ಕ್ಕೂ ಹೆಚ್ಚು ಜನ ಉಳಿದಿದ್ದು ಆ ಚಿಕ್ಕ ತಡದಿಂದ. ಸುಮಾರು 1500 ಜನ ಹೋದರು.

ಲೈಫ್‌ಬೋಟ್ ಸಾಲದ್ದರ ಕಥೆ ಎಲ್ಲರಿಗೂ ಗೊತ್ತು. ನನಗೆ ಇವಾನ್ಸ್‌ನ ನಿದ್ದೆಯೇ ಹೆಚ್ಚು ಕಾಡುತ್ತದೆ. ಅವನು ತಪ್ಪು ಮಾಡಲಿಲ್ಲ, ನಿಯಮ ಮುರಿಯಲಿಲ್ಲ. ಮುರಿಯಲು ನಿಯಮವೇ ಇರಲಿಲ್ಲ.

ಅದೇ ವರ್ಷ ಅಮೆರಿಕ ಕಾನೂನು ತಿದ್ದಿತು. ದೊಡ್ಡ ಹಡಗಿನಲ್ಲಿ ಇಬ್ಬರು ಆಪರೇಟರ್‌ಗಳು ಇರಬೇಕು, ಪಾಳಿಯ ಮೇಲೆ ಹಗಲೂ ರಾತ್ರಿ ಕೇಳಬೇಕು, ಕರೆಂಟ್ ಹೋದರೆ ಬೇರೆ ವ್ಯವಸ್ಥೆ ಇರಬೇಕು. 1914ರ ಜನವರಿಯಲ್ಲಿ ಲಂಡನ್ನಿನಲ್ಲಿ ಹಲವು ದೇಶಗಳು ಸೇರಿ ಸಮುದ್ರ ಸುರಕ್ಷತೆಯ ಮೊದಲ ಒಪ್ಪಂದಕ್ಕೆ ಸಹಿ ಹಾಕಿದವು. ಅಷ್ಟರಲ್ಲಿ ಮಹಾಯುದ್ಧ ಬಂತು, ಒಪ್ಪಂದ ಮೂಲೆಗೆ ಬಿತ್ತು.

ಕಿವಿ ಎಚ್ಚರವಿದ್ದರೂ ಸಾಲದ ದಿನಗಳೂ ಇದ್ದವು. 1914ರ ಮೇ 29ರಂದು ಕೆನಡಾದ ಸೇಂಟ್ ಲಾರೆನ್ಸ್ ನದಿಯಲ್ಲಿ ‘ಎಂಪ್ರೆಸ್ ಆಫ್ ಐರ್ಲೆಂಡ್’ಗೆ ಕಲ್ಲಿದ್ದಲು ಹಡಗೊಂದು ಡಿಕ್ಕಿ ಹೊಡೆಯಿತು. ದಡದ ವೈರ್‌ಲೆಸ್ ಕೇಂದ್ರಕ್ಕೆ ಕರೆ ತಕ್ಷಣ ಕೇಳಿಸಿತು. ಆದರೆ ಹಡಗು 14 ನಿಮಿಷಕ್ಕೇ ಮುಳುಗಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು.

1928ರ ನವೆಂಬರಿನಲ್ಲಿ ‘ವೆಸ್ಟ್ರಿಸ್’ ಹಡಗಿನದು ಬೇರೆಯೇ ಕಥೆ. ಹಡಗು ವಾಲುತ್ತಾ ಹೋಗಿ ಎಷ್ಟೋ ಹೊತ್ತಾದರೂ ಕ್ಯಾಪ್ಟನ್ ಸಹಾಯ ಕೇಳಲಿಲ್ಲ. ಕರೆ ಹೊರಟಿದ್ದು 12ನೇ ತಾರೀಖಿನ ಬೆಳಗ್ಗೆ ಹತ್ತರ ಹೊತ್ತಿಗೆ, ಮಧ್ಯಾಹ್ನ ಹಡಗು ಮುಳುಗಿತು. ನೂರಕ್ಕೂ ಹೆಚ್ಚು ಜನ ಸತ್ತರು. ಹಡಗಿನಲ್ಲಿದ್ದ ಒಂದು ಮಗುವೂ ಉಳಿಯಲಿಲ್ಲ. ಮರುವರ್ಷವೇ ಲಂಡನ್ನಿನಲ್ಲಿ ಎರಡನೇ ಒಪ್ಪಂದ ಆಯಿತು.

ಇಷ್ಟರ ನಡುವೆ ಹಡಗು ಮಾಲೀಕರ ಗೊಣಗಾಟ ಇದ್ದೇ ಇತ್ತು: ಸಣ್ಣ ಹಡಗಿಗೂ ಮೂರು ಪಾಳಿಯ ಸಂಬಳ ಯಾರು ಕೊಡುತ್ತಾರೆ? ಉತ್ತರವಾಗಿ ಬಂದಿದ್ದು ಸ್ವಯಂಚಾಲಿತ ಅಲಾರಂ. ಸಂಕಟದಲ್ಲಿರುವ ಹಡಗು ಮೊದಲು ನಾಲ್ಕು ನಾಲ್ಕು ಸೆಕೆಂಡಿನ ಹನ್ನೆರಡು ಉದ್ದ ಸದ್ದು ಕಳಿಸಬೇಕಿತ್ತು. ಅದನ್ನು ಗುರುತಿಸಿದ ಬೇರೆ ಹಡಗಿನ ಯಂತ್ರ ಗಂಟೆ ಬಾರಿಸಿ ಮಲಗಿದ ಆಪರೇಟರ್‌ನನ್ನು ಎಬ್ಬಿಸುತ್ತಿತ್ತು.

ವೈರ್‌ಲೆಸ್ ಕೋಣೆಯ ಗಡಿಯಾರವೂ ಬದಲಾಯಿತು. ಗಂಟೆಯ 15ರಿಂದ 18ನೇ ನಿಮಿಷ ಮತ್ತು 45ರಿಂದ 48ನೇ ನಿಮಿಷದ ಜಾಗಕ್ಕೆ ಕೆಂಪು ಬಣ್ಣ ಬಳಿದಿರುತ್ತಿತ್ತು. ಮುಳ್ಳು ಆ ಕೆಂಪಿನ ಮೇಲಿರುವಷ್ಟು ಹೊತ್ತು ಅಪಾಯದ ಕರೆಯ ತರಂಗದಲ್ಲಿ ಮಾಮೂಲಿ ಸಂದೇಶ ಯಾರೂ ಕಳಿಸುವ ಹಾಗಿರಲಿಲ್ಲ. ಸಮುದ್ರದ ತುಂಬ ಆಪರೇಟರ್‌ಗಳು ಮೂರು ನಿಮಿಷ ಕೈ ಕಟ್ಟಿ ಕೂತು, ಸುಮ್ನೆ ಕೇಳುತ್ತಿದ್ದರು.